ಗ್ರಹಣಕ್ಕೆ ಕತ್ತರಿಸಿದ ಫಿಲ್ಮುಗಳು

ಆ ಸ್ಕ್ಯಾನಿಗೆ ನಾನು ಕೊಟ್ಟದ್ದು ಐದು ಸಾವಿರದ ಎಂಟುನೂರು ರೂಪಾಯಿ. ಕೌಂಟರಿನ ಹಿಂದಿನ ಗೋಡೆಗೆ ಅಂಟಿಸಿದ್ದ ದರ ಒಂಬತ್ತು ಸಾವಿರ. ನನ್ನ ಗಂಡನದು ಕೇಂದ್ರ ಸರ್ಕಾರದ ಕಚೇರಿಯಲ್ಲಿ ನೌಕರಿ. ನಿವೃತ್ತಿಯಾದ ಮೇಲೂ ವೈದ್ಯಕೀಯ ಕಾರ್ಡು ಇತ್ತು. ಕಾರ್ಡಿನ ಮೇಲೆ ಹೋಗಿದ್ದರೆ ಕೈಯಿಂದ ಏನೂ ಬಿಚ್ಚಬೇಕಿರಲಿಲ್ಲ. ಆದರೆ ಡಿಸ್ಪೆನ್ಸರಿಯವರು ಚೀಟಿ ಬರೆದು, ಮೇಲಿನವರು ಸಹಿ ಹಾಕಿ, ಅನುಮತಿ ಬಂದು, ಸರದಿ ಸಿಗುವ ಹೊತ್ತಿಗೆ ದೀಪಾವಳಿ ಬಂದಿರುತ್ತಿತ್ತು. ಆಗಿನ್ನೂ ಆಗಸ್ಟ್. ಇವರ ಹೊಟ್ಟೆಯೊಳಗೆ ಏನಾಗುತ್ತಿದೆಯೋ ಎಂದು ದೀಪಾವಳಿಯವರೆಗೆ ಕಾದು ಕೂರುವ ಎದೆ ನನಗಿರಲಿಲ್ಲ. ಹಾಗಾಗಿ ನಗದು. ನಗದು ಕೊಡುವವರು ಗೋಡೆಯ ಮೇಲಿನ ದರ ಕೊಡಬಾರದು ಎಂಬುದು ನನ್ನ ಧರ್ಮ.

"ಮೇಡಂ, ರೇಟ್ ಫಿಕ್ಸ್ ಇದೆ," ಎಂದ ಕೌಂಟರಿನವನು.

"ಭಯ್ಯಾ, ಈಗ ಮಧ್ಯಾಹ್ನ ಮೂರು ಗಂಟೆ. ಒಳಗೆ ನಿಮ್ಮ ಮಷೀನ್ ಮೇಲೆ ಯಾರು ಮಲಗಿದಾರೆ?"

"ಈಗ ಯಾರೂ ಇಲ್ಲ."

"ಯಾರೂ ಇಲ್ಲದಿದ್ರೂ ಎ.ಸಿ. ಓಡ್ತಾ ಇದೆ, ಮೀಟರು ತಿರುಗ್ತಾ ಇದೆ. ಖಾಲಿ ಬಿಟ್ರೆ ನಿಮಗೆ ಸಿಗೋದು ಸೊನ್ನೆ. ನಾನು ಸೊನ್ನೆಗಿಂತ ಎಷ್ಟೋ ಜಾಸ್ತಿ ಕೊಡ್ತಿದೀನಿ. ಒಳಗೆ ಹೋಗಿ ಕೇಳಿ ಬಾ."

ಅವನು ಕೇಳಿ ಬಂದ. ಕೇಳಲು ಹೋದವನು ಅರ್ಧ ಒಪ್ಪಿದಂತೆ.

ಇದು ನನಗೆ ಕೂಲರುಗಳು ಕಲಿಸಿದ ಪಾಠ. ದೆಹಲಿಯ ಲಕ್ಷ್ಮೀ ನಗರದಲ್ಲಿ ಬಾಡಿಗೆ ಕೋಣೆ ಹಿಡಿದು ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ನಾನು ನೀರಿನ ಟ್ಯಾಂಕಿರುವ ತಗಡಿನ ಕೂಲರು ಬಾಡಿಗೆಗೆ ಕೊಡುತ್ತಿದ್ದೆ. ಏಪ್ರಿಲಿನಲ್ಲಿ ಹೋದದ್ದು ಸೆಪ್ಟೆಂಬರಿನಲ್ಲಿ ವಾಪಸು. ಇವರ ಸಂಬಳದಲ್ಲಿ ಉಳಿಸಿ ಕೊಂಡ ಎರಡು ಹಳೆಯ ಕೂಲರಿನಿಂದ ಶುರು ಮಾಡಿದವಳು, ಗೋದಾಮು ಹಿಡಿಯುವವರೆಗೆ ಬಂದೆ. ಗೋದಾಮಿನಲ್ಲಿ ಸುಮ್ಮನೆ ನಿಂತ ಕೂಲರು ತುಕ್ಕನ್ನಲ್ಲದೆ ಬೇರೇನನ್ನೂ ದುಡಿಯುವುದಿಲ್ಲ. ಸ್ಕ್ಯಾನ್ ಮಷೀನೂ ಅಷ್ಟೇ.

ಇವರ ರೋಗವನ್ನೂ ನಾನು ಅರ್ಥ ಮಾಡಿಕೊಂಡದ್ದು ಕೂಲರಿನ ಮೂಲಕವೇ. ಅದಕ್ಕೆ ಎರಡು ವರ್ಷ ಹಿಂದೆ, ಮೂತ್ರದ ತೊಂದರೆಗೆಂದು ಅಲ್ಟ್ರಾಸೌಂಡ್ ಮಾಡಿಸಿದಾಗ, ಹೃದಯದಿಂದ ಕೆಳಕ್ಕೆ ಹೊಟ್ಟೆಯ ಮೂಲಕ ಇಳಿಯುವ ದೊಡ್ಡ ರಕ್ತನಾಳ ಒಂದು ಕಡೆ ಬಲೂನಿನಂತೆ ಉಬ್ಬಿದೆ ಎಂದು ಗೊತ್ತಾಯಿತು. ನೋವಿಲ್ಲ, ಜ್ವರವಿಲ್ಲ. ಮೂವತ್ತು ವರ್ಷ ಸೇದಿದ ಸಿಗರೇಟು ಸದ್ದಿಲ್ಲದೆ ಮಾಡಿಟ್ಟ ಕೆಲಸ. ಒಡೆದರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿಯುತ್ತದೆ ಎಂದರು. ಗುರ್ಗಾಂವಿನ ಒಂದು ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಯದೆ, ತೊಡೆಯ ಸಂದಿನಿಂದ ಬಟ್ಟೆ ಹೊದಿಸಿದ ಜಾಲರಿ ಕೊಳವೆಯೊಂದನ್ನು ಒಳಗೆ ತೂರಿಸಿ ಕೂರಿಸಿದರು. ತುಕ್ಕು ಹಿಡಿದ ಕೂಲರ್ ಟ್ಯಾಂಕಿಗೆ ನಾವು ಒಳಗಡೆಯಿಂದ ಪ್ಲಾಸ್ಟಿಕ್ ಹಾಸುತ್ತೇವಲ್ಲ, ಹಾಗೆ. ಟ್ಯಾಂಕು ಹಳೆಯದೇ, ನೀರು ಮಾತ್ರ ಹೊಸ ಹಾಸಿನೊಳಗೆ. ಆದರೆ ಹಾಸಿನ ಹಿಂದಕ್ಕೆ ಎಲ್ಲಿಂದಲಾದರೂ ನೀರು ನುಗ್ಗಿದರೆ ಹಳೆಯ ತಗಡು ಮತ್ತೆ ಉಬ್ಬುತ್ತದೆ. ಇವರ ಹೊಟ್ಟೆಯಲ್ಲೂ ಬೆನ್ನ ಕಡೆಯ ಒಂದು ಸಣ್ಣ ನಾಳದಿಂದ ಉಬ್ಬಿನೊಳಕ್ಕೆ ರಕ್ತ ಜಿನುಗುತ್ತಿತ್ತು. "ಜಿನುಗಲಿ, ಪರವಾಗಿಲ್ಲ. ಉಬ್ಬು ಬೆಳೀಬಾರದು ಅಷ್ಟೇ. ಬೆಳೀತಾ ಇದೆಯೋ ಇಲ್ಲವೋ ಅಂತ ಪ್ರತಿ ವರ್ಷ ಸ್ಕ್ಯಾನ್ ಮಾಡಿ ನೋಡ್ತಾ ಇರಬೇಕು, ಜೀವನಪೂರ್ತಿ," ಎಂದಿದ್ದರು ಸರ್ಜನ್.

ಹೀಗೆ ಆ ಆಗಸ್ಟಿನಲ್ಲಿ ದ್ವಾರಕಾದ ನಮ್ಮ ಮನೆಯ ಹತ್ತಿರದ ಕೇಂದ್ರದಲ್ಲಿ ಸ್ಕ್ಯಾನು ಆಯಿತು. ಹಿಂದಿನ ವರ್ಷ ಮಾಡಿಸಿದ್ದು ಲಕ್ಷ್ಮೀ ನಗರದಲ್ಲಿ, ಅಲ್ಲಿ ಆಗ ದರ ಕಡಿಮೆಯಿತ್ತು.

ಮರುದಿನ ವರದಿ ತಂದುಕೊಂಡು ಸ್ಕೂಟರಿನ ಪಕ್ಕ ನಿಂತೇ ಓದಿದೆ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಅಂಕಿ ಎಲ್ಲ ಭಾಷೆಯಲ್ಲೂ ಓದುತ್ತೇನೆ. ಉಬ್ಬಿನ ಅಗಲ ಆರು ಪಾಯಿಂಟ್ ಮೂರು ಸೆಂಟಿಮೀಟರ್. ಹಿಂದಿನ ವರ್ಷದ್ದು ಐದು ಪಾಯಿಂಟ್ ಏಳು ಎಂದು ನನಗೆ ಬಾಯಿಪಾಠವಾಗಿತ್ತು. ಪಕ್ಕದ ಗಾಡಿಯವನು ಕಬ್ಬಿನ ಹಾಲು ಹಿಂಡುತ್ತಿದ್ದ, ಆ ಯಂತ್ರದ ಗೆಜ್ಜೆಯ ಸದ್ದು ಕೇಳುತ್ತ ನಾನು ಎಷ್ಟು ಹೊತ್ತು ನಿಂತಿದ್ದೆನೋ, "ಆಂಟೀಜೀ, ಒಂದು ಗ್ಲಾಸು ಕೊಡಲಾ?" ಎಂದು ಅವನೇ ಕೇಳಿದ.

ಇವರಿಗೆ ಹೇಳಲಿಲ್ಲ. ಗುರ್ಗಾಂವಿನಲ್ಲೇ ಕೆಲಸ ಮಾಡುತ್ತಿದ್ದ ಮಗಳಿಗೆ ಫೋನು ಮಾಡಿ, ಆಸ್ಪತ್ರೆಗೆ ಬಾ ಎಂದೆ.

ಸರ್ಜನ್ ವರದಿ ನೋಡಿದರು, ರಕ್ತಪರೀಕ್ಷೆಯ ಕಾಗದ ನೋಡಿದರು, ಮತ್ತೆ ವರದಿ ನೋಡಿದರು. ಇವರು ಪಕ್ಕದಲ್ಲಿ ಕೂತು ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದರು.

"ನಿಜವಾಗಿ ಆರು ಮಿಲಿಮೀಟರ್ ಬೆಳೆದಿದ್ರೆ ನಾನು ಕಾಯೋ ಹಾಗಿಲ್ಲ," ಎಂದರು ಡಾಕ್ಟರು. "ಒಳಗೆ ತಂತಿ ಬಿಟ್ಟು ಆ ಸಣ್ಣ ನಾಳವನ್ನ ಮುಚ್ಚಬೇಕು. ಅದಕ್ಕೆ, ನಾಳ ಚಿತ್ರದಲ್ಲಿ ಕಾಣೋ ಹಾಗೆ ರಕ್ತಕ್ಕೆ ಬಿಡೋ ಡೈ ಬಹಳ ಬೇಕಾಗುತ್ತೆ. ಇವರ ಕಿಡ್ನಿ ಈಗಾಗಲೇ ಸುಸ್ತಾಗಿದೆ. ಡೈ ಜಾಸ್ತಿ ಆದ್ರೆ ಡಯಾಲಿಸಿಸ್‌ವರೆಗೂ ಹೋಗಬಹುದು. ಮುಚ್ಚೋಕೆ ಆಗದಿದ್ರೆ ಹೊಟ್ಟೆ ತೆರೀಬೇಕು."

"ಬೆಳೆದಿಲ್ಲ ಅಂದ್ರೆ?" ಎಂದಳು ಮಗಳು.

"ಬೆಳೆದಿಲ್ಲ ಅಂದ್ರೆ ಏನೂ ಮಾಡೋದು ಬೇಡ."

"ಡಾಕ್ಟರ್ ಸಾಹೇಬ್ರೇ," ಎಂದೆ ನಾನು, "ಹೋದ ವರ್ಷದವರು ಒಂದು ಕಡೆಯಿಂದ ಅಳೆದಿರ್ತಾರೆ, ಈ ವರ್ಷದವರು ಇನ್ನೊಂದು ಕಡೆಯಿಂದ. ಬಟ್ಟೆ ಅಂಗಡೀಲೇ ಮೀಟರಿಗೆ ಎರಡು ಬೆರಳು ವ್ಯತ್ಯಾಸ ಬರುತ್ತೆ. ನೀವು ಆರು ಅಂತ ಇಟ್ಕೊಳ್ಳಿ."

ಮಗಳು ನನ್ನ ಕಾಲು ತುಳಿದಳು. ಡಾಕ್ಟರು ನಗಲಿಲ್ಲ. "ನೀವು ಹೇಳೋದು ಸರಿ. ಓರೆಯಾಗಿ ಅಳೆದ್ರೆ ಜಾಸ್ತಿ ಬರುತ್ತೆ, ನೇರ ಅಳೆದ್ರೆ ಕಮ್ಮಿ. ಅದಕ್ಕೇ ನಾನು ಬೇರೆಯವರ ನಂಬರ್ ನಂಬಲ್ಲ. ಹೋದ ವರ್ಷದ ಫಿಲ್ಮ್ ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟು ನಾನೇ ಅಳೀತೀನಿ. ನಾಲ್ಕು ದಿನದೊಳಗೆ ತನ್ನಿ. ಅಲ್ಲೀವರೆಗೆ ಭಾರ ಎತ್ತಬೇಡಿ. ಬೆನ್ನು, ಹೊಟ್ಟೆ ನೋವು ಬಂದ್ರೆ ಯಾರನ್ನೂ ಕೇಳದೆ ಎಮರ್ಜೆನ್ಸಿಗೆ ಬನ್ನಿ."

ಇವರು ಕ್ಯಾಲೆಂಡರಿನಿಂದ ಕಣ್ಣು ತೆಗೆಯಲೇ ಇಲ್ಲ. ಟ್ಯಾಕ್ಸಿಯಲ್ಲೂ ಕಿಟಕಿಯ ಕಡೆಗೇ ತಿರುಗಿ ಕೂತರು. ಭಯಕ್ಕೆ ಎಂದುಕೊಂಡೆ. ಭಯಕ್ಕೇ, ಆದರೆ ನಾನು ತಿಳಿದ ಭಯವಲ್ಲ.

ಮನೆಗೆ ಬಂದವಳೇ ದಿವಾನಿನ ಹಾಸಿಗೆ ಎತ್ತಿದೆ. ಅಷ್ಟು ದೊಡ್ಡ ಫಿಲ್ಮುಗಳನ್ನು ಮಡಚದೆ ಇಡಲು ನಮ್ಮ ಮನೆಯಲ್ಲಿ ಇದ್ದದ್ದು ಅದೊಂದೇ ಜಾಗ. ಲಕೋಟೆ ಇತ್ತು. ಎತ್ತಿದರೆ ಹಗುರ. ಒಳಗೆ ಕೈ ಹಾಕಿದರೆ ಚೌಕಟ್ಟಿನಂತೆ ಕತ್ತರಿಸಿ ಉಳಿದ ಅಂಚುಗಳು ಬಂದವು, ಹಪ್ಪಳ ಕತ್ತರಿಸಿದ ಮೇಲೆ ಉಳಿಯುವ ಹಿಟ್ಟಿನ ಅಂಚಿನ ಹಾಗೆ.

"ರೀ... ಇದರಲ್ಲಿದ್ದ ಫಿಲ್ಮ್ ಎಲ್ಲಿ?"

ಇವರು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಬಾಗಿಲಲ್ಲೇ ನಿಂತು, "ಗ್ರಹಣಕ್ಕೆ ಕೊಟ್ಟೆ," ಎಂದರು.

ಹಿಂದಿನ ತಿಂಗಳು ಹೊತ್ತು ಹುಟ್ಟುತ್ತಲೇ ಸೂರ್ಯಗ್ರಹಣ ಆಗಿತ್ತು. ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಅರ್ಧ ಜನ ಕಿಟಕಿ ಮುಚ್ಚಿ ಒಳಗೆ ಕೂರುವವರು. ಇವರಿಗೆ ಅದು ಸಹಿಸದು. ಗ್ರಹಣವೆಂದರೆ ನೆರಳು, ರಾಹುವೂ ಇಲ್ಲ ಕೇತುವೂ ಇಲ್ಲ ಎಂದು ಮೂರು ದಿನ ಮೊದಲಿನಿಂದ ಮನೆಮನೆಗೆ ಹೋಗಿ ಹೇಳಿ, ಜನರನ್ನು ಪಾರ್ಕಿಗೆ ಕರೆತಂದಿದ್ದರು. ನಾನು ಆ ದಿನ ಗೋದಾಮಿಗೆ ಬೇಗ ಹೋಗಬೇಕಿತ್ತು, ಹೋಗಿದ್ದೆ. ಮೋಡದ ಸಂದಿನಿಂದ ಕುಡುಗೋಲಿನಂತೆ ಬಾಗಿದ ಸೂರ್ಯ ಕಂಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು ಎಂದು ಸಂಜೆ ಹೇಳಿದ್ದರು. ಯಾವುದರ ಮೂಲಕ ನೋಡಿದರು ಎಂದು ನಾನು ಕೇಳಿರಲಿಲ್ಲ.

"ಹೋದ ವರ್ಷದ್ದೂ ಕತ್ತರಿಸಿದ್ರಾ?"

"ಎಲ್ಲಾನೂ."

"ನಿಮಗೆ ಬುದ್ಧಿ..." ಎಂದು ಶುರು ಮಾಡಿದವಳು ನಿಲ್ಲಿಸಿದೆ. ರಕ್ತದೊತ್ತಡ ಏರಬಾರದು ಎಂದು ಡಾಕ್ಟರು ಆಪರೇಷನ್ ಆದಾಗಲೇ ಹೇಳಿದ್ದು ನೆನಪಾಯಿತು. ಇಪ್ಪತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ನಾನು ಬೈಯಬೇಕಾದ್ದನ್ನು ನುಂಗಿದ್ದು ಅದೇ ಮೊದಲು. "ಕಾಫಿ ಮಾಡ್ತೀನಿ, ಕೂತ್ಕೊಳ್ಳಿ," ಎಂದೆ.

ಲಕ್ಷ್ಮೀ ನಗರದ ಕೇಂದ್ರಕ್ಕೆ ಫೋನು ಮಾಡಿದೆ. ಹಳೆಯದನ್ನು ಅಳಿಸಿಬಿಡುತ್ತೇವೆ, ಸಿ.ಡಿ. ತೆಗೆದುಕೊಂಡಿದ್ದರೆ ಇರುತ್ತಿತ್ತು ಎಂದರು. ಸಿ.ಡಿ.ಗೆ ಇನ್ನೂರು ರೂಪಾಯಿ ಹೆಚ್ಚು ಕೇಳಿದ್ದರು. ಫಿಲ್ಮು ಇರುವಾಗ ಅದೇಕೆ ಎಂದು ನಾನೇ ಬಿಡಿಸಿದ್ದೆ.

ಉಳಿದದ್ದು ಒಂದೇ ದಾರಿ: ಚೂರುಗಳನ್ನು ಹುಡುಕುವುದು. ಆ ಫಿಲ್ಮಿನಲ್ಲಿ ಒಂದು ಹಾಳೆಗೆ ಇಪ್ಪತ್ತು ಸಣ್ಣ ಚಿತ್ರಗಳಿರುತ್ತವೆ, ಹೊಟ್ಟೆಯನ್ನು ಸೌತೇಕಾಯಿ ಬಿಲ್ಲೆಯಂತೆ ಹೆಚ್ಚಿ ಸಾಲಾಗಿ ಇಟ್ಟ ಹಾಗೆ. ಪ್ರತಿ ಬಿಲ್ಲೆಯ ಮೂಲೆಯಲ್ಲೂ ತಾರೀಕು, ನಂಬರು, ಅಳತೆಯ ಗೆರೆ. ಕತ್ತರಿಸಿದರೂ ಪ್ರತಿ ಚೂರೂ ತಾನು ಯಾವುದೆಂದು ಹೇಳುತ್ತದೆ.

ಮರುದಿನ ಬೆಳಗ್ಗೆ ಹೊರಟೆ. ಇಲ್ಲಿ ಒಂದು ವಿಷಯ ಹೇಳಬೇಕು. ಇವರಿಗೆ ಆಗಿದ್ದು ಹರ್ನಿಯಾ ಆಪರೇಷನ್ ಎಂದೇ ಸೊಸೈಟಿಯಲ್ಲಿ ಎಲ್ಲರಿಗೂ ಹೇಳಿದ್ದೆವು. ಮಗಳಿಗೆ ಗಂಡು ನೋಡುತ್ತಿದ್ದ ಕಾಲ. ಅಪ್ಪನ ಎದೆಯಿಂದ ಬರುವ ನಾಳವೇ ಉಬ್ಬಿದೆ, ಯಾವಾಗ ಏನೋ ಎಂದು ಸುದ್ದಿ ಹಬ್ಬಿದರೆ ಬೆಂಗಳೂರಿನವರೆಗೆ ಮುಟ್ಟಲು ಒಂದು ವಾರ ಸಾಕು. ದೆಹಲಿಯ ಕನ್ನಡಿಗರಲ್ಲಿ ಫೋನು ಬಹಳ. ಅದರ ಮೇಲೆ ನನ್ನ ವ್ಯಾಪಾರದ ಬುದ್ಧಿ: ಬೇಕು ಎಂದು ಮುಖದಲ್ಲಿ ತೋರಿಸಿದರೆ ದರ ಏರುತ್ತದೆ. ಗುಜರಿ ಸಾಮಾನಿನ ಕಬಾಡಿ ಬಜಾರಿನಲ್ಲಿ ಹಳೆ ಮೋಟರು ಕೊಳ್ಳುವಾಗ ನಾನು ಅದನ್ನು ಬಿಟ್ಟು ಪಕ್ಕದ ಫ್ಯಾನಿನ ಬೆಲೆ ಕೇಳುವವಳು.

ಹಾಗೇ ಇಲ್ಲೂ ಮಾಡಿದೆ. ಬೆಲ್ಲು ಒತ್ತಿ, ಮಳೆಯ ಮಾತಾಡಿ, ಕೆಲಸದವಳ ಮಾತಾಡಿ, ಹೊರಡುವಾಗ, "ಹಾಂ, ಗ್ರಹಣದ ದಿನ ಇವರು ಒಂದು ಕಪ್ಪು ಫಿಲ್ಮ್ ಕೊಟ್ಟಿದ್ರಲ್ಲ, ಇದೆಯಾ? ಸುಮ್ನೆ ಕೇಳಿದೆ."

ಸುಮ್ಮನೆ ಕೇಳಿದವಳಿಗೆ ಸುಮ್ಮನೆ ಉತ್ತರ ಸಿಕ್ಕಿತು. "ಎಲ್ಲೋ ಇರಬೇಕು, ಬಿಡಿ." "ಮಕ್ಕಳು ಎಲ್ಲಿ ಬಿಸಾಕಿದ್ರೋ." "ಅಚ್ಛಾ ಅದಾ? ಈಗ ಏನಕ್ಕೆ, ಇನ್ನೊಂದು ಗ್ರಹಣ ಇದೆಯಾ?" ಒಂದೇ ಒಂದು ಮನೆಯಲ್ಲಿ ಹುಡುಕಿ ಕೊಟ್ಟರು. ಎರಡನೇ ಮಹಡಿಯ ಬಂಗಾಳಿ ನಿವೃತ್ತ ಮೇಷ್ಟ್ರ ಹತ್ತಿರವೂ ಇತ್ತು. ಅದರ ಮೇಲೆ ಬಿಳಿ ಶಾಯಿಯಲ್ಲಿ ಗ್ರಹಣದ ವಿವರ ಬರೆದು ಆಲ್ಬಮಿಗೆ ಅಂಟಿಸಿದ್ದರು. "ಇದನ್ನ ಕೊಡೋಕಾಗಲ್ಲ, ಭಾಭೀಜೀ. ಇದು ನನ್ನ ಸೂರ್ಯನ ನೆನಪು," ಎಂದರು. ನಾನು ಅದಕ್ಕೆ ಬದಲು ಅವರ ಕೂಲರಿನ ಬದಿಗಳಿಗೆ ಹೊಸ ಹುಲ್ಲಿನ ಪ್ಯಾಡು ಹಾಕಿಸಿ ಕೊಡುತ್ತೇನೆ ಎಂದೆ. ಅವರಿಗೆ ಕೂಲರೇ ಇರಲಿಲ್ಲ, ಎ.ಸಿ. ಇತ್ತು.

ಮಧ್ಯಾಹ್ನದ ಹೊತ್ತಿಗೆ ಕೈಯಲ್ಲಿದ್ದದ್ದು ಒಂದೇ ಒಂದು ಚೂರು, ಅದೂ ಹಿಂದಿನದರ ಹಿಂದಿನ ವರ್ಷದ್ದು. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮನೆಯಲ್ಲಿ ಇವರು ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದರು, ಕೆಮ್ಮಿದರೆ ಒಡೆದೀತು ಎಂಬಂತೆ ಕೆಮ್ಮನ್ನೂ ಹಿಡಿದುಕೊಂಡು. ಬೆಳಗ್ಗೆ ಸ್ನಾನದ ಮನೆಯಲ್ಲಿ ಬಕೆಟ್ಟು ಸರಿದ ಸದ್ದಾದರೆ ನಾನು ಬಾಗಿಲು ಬಡಿದಿದ್ದೆ. ಭಾರ ಎತ್ತಿದರೇನೋ, ಬಿದ್ದರೇನೋ.

ನೆಲಮಹಡಿಯ ಪಂಜಾಬಿ ನೆರೆಯಾಕೆ ತರಕಾರಿ ಚೀಲ ಹಿಡಿದು ಬಂದವರು ನನ್ನ ಎದುರಿಗೆ ನಿಂತರು. ನನಗಿಂತ ಹತ್ತು ವರ್ಷ ದೊಡ್ಡವರು. ಅವರನ್ನು ಎಲ್ಲರೂ ದೀದಿ ಎನ್ನುತ್ತಿದ್ದೆವು.

"ಏನು, ಮದ್ರಾಸಿನ್, ಇಲ್ಲಿ ಕೂತಿದೀಯ? ಕೂಲರ್ ಯಾರಾದ್ರೂ ಕದ್ದರಾ?"

"ನಾನು ಮದ್ರಾಸಿನವಳಲ್ಲ ಅಂತ ಎಷ್ಟು ಸಲ ಹೇಳ್ಲಿ, ದೀದಿ," ಎಂದೆ. ಹೇಳುತ್ತ ಹೇಳುತ್ತ ಅಳು ಬಂತು. ಅಳು ಬಂದ ಮೇಲೆ ಮುಚ್ಚಿಡಲು ಏನು ಉಳಿದಿರುತ್ತದೆ? ಎಲ್ಲ ಹೇಳಿದೆ: ಹರ್ನಿಯಾ ಅಲ್ಲ, ಇದು, ಹೀಗೆ, ನಾಲ್ಕು ದಿನ.

ದೀದಿ ಚೀಲ ಕೆಳಗಿಟ್ಟರು. "ಅಂದ್ರೆ ನಾವೆಲ್ಲ ಭಾಯಿಸಾಹೇಬರ ಹೊಟ್ಟೆಯೊಳಗಿಂದ ಸೂರ್ಯನನ್ನ ನೋಡಿದ್ದಾ?"

ಅಳುತ್ತಲೇ ನನಗೆ ನಗು ಬಂತು. ಅವರಿಗೆ ಬರಲಿಲ್ಲ. "ಬೆಳಗಿನಿಂದ ಮನೆಮನೆ ತಿರುಗಿ 'ಸುಮ್ನೆ ಕೇಳಿದೆ' ಅಂದ್ಯಾ? ಪಾಗಲ್! ಗಂಡನ ಪ್ರಾಣವನ್ನ ಹಾಗೆ ಕೇಳ್ತಾರಾ? ಚಲೋ, ಏಳು."

ಸಂಜೆ ಸೊಸೈಟಿಯ ಹಾಲಿನಲ್ಲಿ ಹೆಂಗಸರ ಕೀರ್ತನೆ ಇರುತ್ತಿತ್ತು. ಆರತಿ ಮುಗಿದು ಪ್ರಸಾದ ಹಂಚುವ ಮುಂಚೆ ದೀದಿ ಎದ್ದು ನಿಂತರು. ನಾನು ಗೋಡೆಗೆ ಒರಗಿ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನಿಂತಿದ್ದೆ. ಯಾರ ಮನೆಯ ಗುಟ್ಟೋ ಎಂಬಂತೆ ನಮ್ಮ ಮನೆಯ ಗುಟ್ಟು ಪಂಜಾಬಿ ಹಿಂದಿಯಲ್ಲಿ ಹಾಲಿನ ತುಂಬ ಕೇಳಿತು. "ಒಬ್ಬೊಬ್ಬರೂ ಮನೆಗೆ ಹೋಗಿ ಹಾಸಿಗೆ ಕೊಡವಿ. ಪುಸ್ತಕ ಬಿಚ್ಚಿ. ಡಬ್ಬ ತೆಗೀರಿ. ಕಪ್ಪಗೆ ಏನು ಕಂಡ್ರೂ ತನ್ನಿ. ಪ್ರಸಾದ ಆಮೇಲೆ."

ಆ ಸಂಜೆ ನಮ್ಮ ಮನೆಯ ಬೆಲ್ಲು ನಿಲ್ಲಲಿಲ್ಲ. ಪಾಠಪುಸ್ತಕದ ನಡುವೆ ಗುರುತಿಗೆ ಇಟ್ಟದ್ದು ಬಂತು. ಸ್ನಾನದ ಮನೆಯ ಒಡೆದ ಗಾಜಿಗೆ ಅಂಟಿಸಿದ್ದು ಬಂತು. ದೀದಿಯದೇ ಚೂರು ಚಪಾತಿ ಕಲ್ಲಿನ ಹಿಟ್ಟು ಕೆರೆಯಲು ಬಳಸಿ ಗೀರು ಬಿದ್ದಿತ್ತು. ಒಬ್ಬರು ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದರು. ಕಾವಿಗೆ ಅದು ಪೂರ್ತಿ ಕರ್ರಗಾಗಿ, ಚಿತ್ರವೂ ಇಲ್ಲ ಅಕ್ಷರವೂ ಇಲ್ಲ. ಒಬ್ಬ ಅಜ್ಜಿ ಗ್ರಹಣದ ಮೈಲಿಗೆಯೆಂದು ಅಂದೇ ಬಿಸಾಡಿದ್ದರಂತೆ. ಬರಿಗೈಯಲ್ಲಿ ಬರಬಾರದೆಂದು ಬಾಳೆಹಣ್ಣು ತಂದು ಇವರ ಮುಂದೆ ಕೈಮುಗಿದರು. ಬಂಗಾಳಿ ಮೇಷ್ಟ್ರು ಆಲ್ಬಮಿನ ಹಾಳೆಯನ್ನೇ ಹರಿದು ತಂದಿದ್ದರು. "ನೀವು ಬೆಳಗ್ಗೆನೇ ಹೇಳಬಹುದಿತ್ತು," ಎಂದರು, ಕೋಪದಲ್ಲೇ.

ಮಗಳು ಗುರ್ಗಾಂವಿನಿಂದ ಬಂದಳು. ಬಾಗಿಲಲ್ಲಿ ಜನ ನೋಡಿ ಚಪ್ಪಲಿಯಲ್ಲೇ ಒಳಗೆ ಓಡಿಬಂದಳು. ಏನೋ ಆಗಿಹೋಯಿತು ಎಂದುಕೊಂಡಳಂತೆ. ವಿಷಯ ತಿಳಿದ ಮೇಲೆ, "ಅಮ್ಮಾ, ಸಬ್ ಕೋ ಬತಾ ದಿಯಾ?" ಎಂದಳು.

"ಎಲ್ಲರಿಗೂ ಹೇಳಿಬಿಟ್ಟೆ ಕಣೇ. ನಿನ್ನ ಮದುವೆ..."

"ಅಪ್ಪನ ಹೊಟ್ಟೆ ನೋಡಿ ಬೇಡ ಅನ್ನೋ ಹುಡುಗ ನಂಗೂ ಬೇಡ. ಟೇಪ್ ಕಹಾಂ ಹೈ, ಎಲ್ಲಿಟ್ಟಿದೀಯ?"

ಬಾಲ್ಕನಿಯ ದೀಪ ಹಾಕಿ, ಚೂರುಗಳನ್ನು ಅಲ್ಲಿನ ಗಾಜಿನ ಬಾಗಿಲಿಗೆ ಟೇಪಿನಲ್ಲಿ ಅಂಟಿಸುತ್ತ ಹೋದೆವು. ಮಗಳು ನಂಬರು ಓದುತ್ತಿದ್ದಳು, ನಾನು ಅಂಟಿಸುತ್ತಿದ್ದೆ. ಹಿಂದಿನ ವರ್ಷದ್ದು ಒಂದು ಸಾಲು, ಅದರ ಹಿಂದಿನದು ಕೆಳಗೆ. ಬೆನ್ನುಮೂಳೆ ಬಿಳಿ ಹೂವಿನಂತೆ, ಅದರ ಮುಂದೆ ಬೂದು ಬಣ್ಣದ ದುಂಡು, ದುಂಡಿನೊಳಗೆ ಜಾಲರಿ ಕೊಳವೆಯ ಹೊಳೆಯುವ ಉಂಗುರ. ಮೊದಲು ಒಂದು ಉಂಗುರ, ಕೆಳಗಿನ ಚಿತ್ರಗಳಲ್ಲಿ ಅದೇ ಎರಡಾಗಿ ಎರಡು ಕಾಲಿಗೆ ಹೋಗುತ್ತದೆ. ನಡುವೆ ಒಂದು ಕಡೆ ಸಾಲು ತುಂಡಾಗಿತ್ತು. ದುಂಡು ಎಲ್ಲಕ್ಕಿಂತ ದೊಡ್ಡದಾಗಿ ಕಾಣಬೇಕಾದ ಜಾಗದಲ್ಲೇ ಎರಡು ಚೂರು ಇಲ್ಲ. ಕರ್ರಗಾದದ್ದೋ, ಅಜ್ಜಿ ಬಿಸಾಡಿದ್ದೋ.

ಇವರು ಕುರ್ಚಿಯಿಂದ ಎದ್ದು ಬಂದು ಗಾಜಿನ ಮುಂದೆ ನಿಂತರು. ಎರಡು ವರ್ಷದಲ್ಲಿ ಆ ಚಿತ್ರಗಳನ್ನು ಇವರು ಕಣ್ಣಿಟ್ಟು ನೋಡಿದ್ದು ಆವತ್ತೇ.

"ಯಾಕ್ರೀ ಕತ್ತರಿಸಿದ್ರಿ?" ಮೆಲ್ಲಗೆ ಕೇಳಿದೆ. "ಗ್ರಹಣಕ್ಕೆ ಬೇರೆ ಏನೂ ಸಿಗ್ಲಿಲ್ವಾ?"

"ಸಿಗ್ತಿತ್ತು." ಒಂದು ಚೂರಿನ ಎದ್ದ ಟೇಪನ್ನು ಬೆರಳಿನಿಂದ ಒತ್ತಿದರು. "ಅದರ ಮೇಲೆ ಮಲಗೋಕೆ ಆಗ್ತಿರ್ಲಿಲ್ಲ ಕಣೇ. ನೀನು ದಿವಾನಿನ ಕೆಳಗೆ ಇಟ್ಟಿದ್ದೆ. ಮಗ್ಗುಲು ಬದಲಾಯಿಸಿದ್ರೆ ಸರಕ್ ಅಂತಿತ್ತು. ಪ್ರತಿ ಸಲಾನೂ ಒಳಗೇ ಏನೋ ಹರೀತು ಅನ್ಸೋದು. ಹೇಗಾದ್ರೂ ಮನೆಯಿಂದ ಆಚೆ ಹೋಗ್ಲಿ ಅಂತ..."

ರಾಹುವಿಗೆ ಹೆದರಬೇಡಿ ಎಂದು ಊರಿಗೆಲ್ಲ ಹೇಳಿದ ಮನುಷ್ಯ. ಆಪರೇಷನ್ ಆದ ದಿನದಿಂದ ತಮಾಷೆ ಮಾಡುತ್ತಲೇ ಇದ್ದರು, ನನ್ನದು ಈಗ ಡಬಲ್ ಪೈಪು ಎಂದು. ನಾನು ನಂಬಿದ್ದೆ. ದಿವಾನಿನ ಮೇಲೆ ಈಗ ಮಲಗಬೇಡಿ, ಒಳಗೆ ನನ್ನ ಮಂಚಕ್ಕೆ ಬನ್ನಿ ಎಂದೆ. ಇನ್ನೇನು ಹೇಳಲಿ.

ನಾಲ್ಕನೆಯ ದಿನ ಆ ಚೂರುಗಳನ್ನು ರಟ್ಟಿನ ಹಾಳೆಗಳ ನಡುವೆ ಇಟ್ಟು, ಸೀರೆ ಸುತ್ತಿ ಗುರ್ಗಾಂವಿಗೆ ಒಯ್ದೆವು. ಡಾಕ್ಟರು ಲೈಟಿನ ಪೆಟ್ಟಿಗೆಯ ಮೇಲೆ ಅವುಗಳನ್ನು ಹರಡಿದಾಗ ಜೊತೆಗಿದ್ದ ಕಿರಿಯ ಡಾಕ್ಟರು ಬಾಯಿ ಬಿಟ್ಟು ನೋಡಿದರು. ಬಿಳಿ ಶಾಯಿಯ ಗ್ರಹಣದ ಬರಹವನ್ನು ಓದಿ, "ಇದರಲ್ಲಿ ಸೂರ್ಯನನ್ನ ನೋಡಿದ್ರಾ? ಕಣ್ಣು ಹೋಗ್ತಿತ್ತು ನಿಮ್ಮ ಸೊಸೈಟಿದು," ಎಂದರು ದೊಡ್ಡ ಡಾಕ್ಟರು. ಕೈವಾರದಂಥ ಒಂದು ಸಲಕರಣೆ ತೆಗೆದು ಅಳೆಯತೊಡಗಿದರು. ಹಳೆಯದು, ಹೊಸದು, ಮತ್ತೆ ಹಳೆಯದು. ಇವರು ನನ್ನ ಕೈ ಹಿಡಿದುಕೊಂಡಿದ್ದರು. ಬೇರೆಯವರ ಎದುರಿಗೆ ಕೈ ಹಿಡಿಯುವ ಜಾತಿಯಲ್ಲ ಇವರು. ನನ್ನ ಬಳೆ ಇವರ ಮಣಿಕಟ್ಟಿಗೆ ಒತ್ತಿ ಗುರುತಾಗಿತ್ತು, ಇಬ್ಬರೂ ಬಿಡಲಿಲ್ಲ.

"ಉಬ್ಬು ದೊಡ್ಡದಾಗಿ ಕಾಣೋ ಜಾಗದ ಚಿತ್ರ ಇಲ್ಲ," ಎಂದರು ಡಾಕ್ಟರು.

ನಾನು ಮಗಳ ಕಡೆ ತಿರುಗಿದೆ.

"ಆದರೆ ಕೊಳವೆ ಒಂದಿದ್ದದ್ದು ಎರಡಾಗೋ ಜಾಗ ಎರಡು ವರ್ಷದ್ದರಲ್ಲೂ ಇದೆ. ಅಲ್ಲಿ ಹೋಲಿಸಿದೆ. ಹೋದ ವರ್ಷಕ್ಕೂ ಈ ವರ್ಷಕ್ಕೂ ಇರೋ ವ್ಯತ್ಯಾಸ ನನ್ನ ಕೈ ತಪ್ಪುವಷ್ಟೇ. ಅಲ್ಲಿ ಬೆಳೆದಿಲ್ಲ."

"ಮೇಲೆ?" ಎಂದಳು ಮಗಳು.

"ಮೇಲೆ ಗೊತ್ತಿಲ್ಲ. ಆ ಆರು ಪಾಯಿಂಟ್ ಮೂರನ್ನ ಅವರು ಓರೆಯಾಗಿ ಅಳೆದಿದಾರೆ, ಅದಂತೂ ಕಾಣ್ತಿದೆ. ನಾನು ಅಳೆದ್ರೆ ಆರಕ್ಕಿಂತ ಕಮ್ಮಿ. ಬೆಳೆದಿಲ್ಲ ಅಂತ ಬರೆದು ಕೊಡಲಾರೆ. ಬೆಳೆದಿದೆ ಅನ್ನೋದಕ್ಕೂ ಆಧಾರ ಇಲ್ಲ. ಈ ಕಿಡ್ನಿ ಇಟ್ಕೊಂಡು ಇಷ್ಟರ ಮೇಲೆ ಒಳಗೆ ಕೈ ಹಾಕಲ್ಲ. ಮೂರು ತಿಂಗಳ ನಂತರ ಡೈ ಇಲ್ಲದೆ ಸ್ಕ್ಯಾನ್, ಜೊತೆಗೆ ಅಲ್ಟ್ರಾಸೌಂಡ್. ಇದೇ ಕೇಂದ್ರ, ಇದೇ ಮಷೀನ್. ಬದಲಾಯಿಸಿದ್ರೆ ನನ್ನ ಹತ್ತಿರ ಬರಬೇಡಿ."

ಆ ಮೂರು ತಿಂಗಳು ಹೇಗೆ ಹೋಯಿತೆಂದು ಕೇಳಬೇಡಿ. ಇವರು ಬೆನ್ನು ನೀವಿಕೊಂಡರೆ ನಾನು ಟ್ಯಾಕ್ಸಿಯವನ ನಂಬರು ಹುಡುಕುತ್ತಿದ್ದೆ. ಗ್ಯಾಸಿನ ನೋವಿಗೆ ಒಮ್ಮೆ ಎಮರ್ಜೆನ್ಸಿಗೆ ಓಡಿದೆವು. ದೀದಿ ಪ್ರತಿ ಬೆಳಗ್ಗೆ ಹಾಲಿನ ನೆಪ ಮಾಡಿಕೊಂಡು ಬಂದು, "ಭಾಯಿಸಾಹೇಬ್, ಜೀವಂತ?" ಎಂದು ಬಾಗಿಲಿಂದಲೇ ಕೂಗುತ್ತಿದ್ದರು. ಇವರು ಒಳಗಿಂದ, "ಸದ್ಯಕ್ಕೆ!" ಎನ್ನುತ್ತಿದ್ದರು. ನವೆಂಬರಿನಲ್ಲಿ ಅಳತೆ ಹಾಗೆಯೇ ಇತ್ತು. ಮುಂದಿನ ಬೇಸಿಗೆಯಲ್ಲೂ ಹಾಗೆಯೇ. ಜಿನುಗು ನಿಂತಿಲ್ಲ, ಉಬ್ಬು ಬೆಳೆದಿಲ್ಲ. ಸ್ಕ್ಯಾನಿನ ತಿಂಗಳು ಬಂತೆಂದರೆ ನನಗೆ ಈಗಲೂ ಊಟ ಸೇರುವುದಿಲ್ಲ, ವರದಿಯ ಲಕೋಟೆ ಒಡೆಯಲು ಈಗಲೂ ಮಗಳೇ ಬೇಕು. ಅದು ಹೋಗುವ ಭಯವಲ್ಲ ಎಂದು ಒಪ್ಪಿಕೊಂಡಿದ್ದೇನೆ.

ಇನ್ನು ನಿಮಗೆ ಹೇಳುತ್ತೇನೆ ಕೇಳಿ. ನಿಮ್ಮ ಮನೆಯಲ್ಲಿ ಅರವತ್ತು ದಾಟಿದ, ಸಿಗರೇಟೋ ಬೀಡಿಯೋ ಸೇದಿದ ಗಂಡಸರಿದ್ದರೆ, ಹೊಟ್ಟೆಯ ಒಂದು ಅಲ್ಟ್ರಾಸೌಂಡ್ ಮಾಡಿಸಬೇಕೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ನೋವಿಲ್ಲವಲ್ಲ ಎಂದು ಸುಮ್ಮನಿರಬೇಡಿ. ಈ ರೋಗ ಮೊದಲೇ ಹೇಳಿ ಬರುವುದಿಲ್ಲ. ಕೊಳವೆ ಹಾಕಿಸಿಕೊಂಡವರಾದರೆ ಆಪರೇಷನ್ ಮುಗಿಯಿತೆಂದು ತಿಳಿಯಬೇಡಿ, ಸ್ಕ್ಯಾನು ಒಂದು ವರ್ಷವೂ ತಪ್ಪಿಸಬೇಡಿ. ಡೈ ಕೊಡುವ ಮುಂಚೆ ಕಿಡ್ನಿಯ ರಕ್ತಪರೀಕ್ಷೆ ಆಗಿದೆಯೇ ಎಂದು ನೀವೇ ಕೇಳಿ, ಅವರು ಕೇಳುತ್ತಾರೆಂದು ಕಾಯಬೇಡಿ. ವರದಿಯ ಕಾಗದವೊಂದನ್ನೇ ನಂಬಿ ಹೆದರಲೂ ಬೇಡಿ, ನೆಮ್ಮದಿಯಾಗಿರಲೂ ಬೇಡಿ. ಡಾಕ್ಟರು ಚಿತ್ರವನ್ನು ಕಣ್ಣಾರೆ ನೋಡಲಿ. ಸಿ.ಡಿ. ಎರಡು ತೆಗೆದುಕೊಳ್ಳಿ, ಒಂದು ಮನೆಯಲ್ಲಿ, ಒಂದು ಮಕ್ಕಳ ಹತ್ತಿರ. ಫಿಲ್ಮನ್ನು ಒಲೆಯ ಹತ್ತಿರ ಇಡಬೇಡಿ, ಗ್ರಹಣಕ್ಕಂತೂ ಹಿಡಿಯಲೇಬೇಡಿ, ಕಣ್ಣಿಗೆ ಅಪಾಯ. ಮತ್ತು ರೋಗಿ ಮಲಗುವ ಹಾಸಿಗೆಯ ಕೆಳಗೆ ಇಡಬೇಡಿ. ರೋಗಿ ನಗುತ್ತಿದ್ದಾನೆಂದು ಹೆದರಿಲ್ಲವೆಂದುಕೊಳ್ಳಬೇಡಿ. ಅಕ್ಕಪಕ್ಕದವರಿಗೆ ರೋಗದ ಹೆಸರು ಹೇಳಿಡಿ, ಎಂದಾದರೂ ಬೆಳಗಿನ ಜಾವ ಆಸ್ಪತ್ರೆಗೆ ಗಾಡಿ ಓಡಿಸುವವರು ಅವರೇ.

ಚೌಕಾಸಿ ಬಿಡಿ ಎಂದು ನಾನು ಹೇಳುವುದಿಲ್ಲ, ನಾನೂ ಬಿಟ್ಟಿಲ್ಲ. ಆದರೆ ದರ ಕೇಳುವ ಮುಂಚೆ, "ಹೋದ ವರ್ಷದ್ದನ್ನ ಪಕ್ಕದಲ್ಲಿಟ್ಟು ಹೋಲಿಸಿ ಬರೆದು ಕೊಡ್ತೀರಾ?" ಎಂದು ಕೇಳಿ. ಕೊಡುತ್ತೇವೆ ಎಂದವರ ಹತ್ತಿರ ಮಾತ್ರ ಮಾತಿಗೆ ಕೂತುಕೊಳ್ಳಿ, ಮಧ್ಯಾಹ್ನ ಮಷೀನು ಖಾಲಿ ಇರುವ ಹೊತ್ತಿಗೆ ಹೋಗಿ.